ಬಾಗಿಲಣ್ಣ ನಿಲ್ಲಿಸಿದ ಸಾಲು

ಬ್ಯಾಂಕಿನ ಬಾಗಿಲಲ್ಲಿ ಇಪ್ಪತ್ಮೂರು ವರ್ಷ ನಿಂತವನಿಗೆ ಬ್ಯಾಂಕು ಅಂದರೇನು ಅಂತ ಗೊತ್ತಿರುತ್ತದೆ ಎಂದು ಜನ ತಿಳಿದರು. ಜನರ ಮಾತು ಹಾಳಾಗಲಿ, ಅವನೂ ಹಾಗೇ ತಿಳಿದ. ಆಮೇಲಿನ ಅನಾಹುತವೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಅವನ ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಮಿಕ್ಕಂತೆ ಎಲ್ಲರಿಗೂ ಬಾಗಿಲಣ್ಣ. ಆರಡಿ ಆಳು, ತುದಿ ತಿರುವಿದ ಮೀಸೆ, ಹೆಂಡತಿ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟ ಖಾಕಿ. ಹೆಗಲಲ್ಲಿ ಒಂದು ಬಂದೂಕು. ಅದು ಒಮ್ಮೆಯೂ ಹಾರಿದ್ದಿಲ್ಲ. ಹಾರಿಸಿದರೆ ಮೊದಲು ಬೀಳುವುದು ಬಾಗಿಲಣ್ಣನೇ ಎಂದು ಕ್ಯಾಶಿಯರು ನಗುತ್ತಿದ್ದ. ಆದರೆ ಬಾಗಿಲಣ್ಣನ ನಿಜವಾದ ಆಯುಧ ಬಂದೂಕಲ್ಲ, ಕಣ್ಣು. ಚೀಲವನ್ನು ಎದೆಗೆ ಅವುಚಿಕೊಂಡು ನೆಲ ನೋಡುತ್ತ ಬಂದವರು ಕಟ್ಟುವವರು. ಒಗೆದ ಅಂಗಿ ಹಾಕಿಕೊಂಡು ಬಾಗಿಲು ತೆಗೆಯುವ ಮೊದಲೇ ಬಂದು ನಿಂತವರು ಸಾಲ ಕೇಳುವವರು. ಇಬ್ಬರಿಬ್ಬರು ಬಂದು ಒಬ್ಬರ ಮುಖ ಒಬ್ಬರು ನೋಡದೆ ನಿಂತರೆ, ಆ ಮನೆ ಪಾಲಾಗುತ್ತಿದೆ, ಇದ್ದದ್ದನ್ನೆಲ್ಲ ತೆಗೆಯಲು ಬಂದಿದ್ದಾರೆ. ಇವನ ಅಂದಾಜು ತಪ್ಪುತ್ತಿರಲಿಲ್ಲ. ಗೇಟಿನಿಂದ ಆಚೆ ಅವನು ಪಂಡಿತ. ಗೇಟಿನಿಂದ ಒಳಗೆ, ಕೌಂಟರಿನ ಹಿಂದೆ, ಆ ಕಾಗದಗಳು ಎಲ್ಲಿ ಹೋಗುತ್ತವೆ, ಅವಕ್ಕೆ ಯಾರು ಹೊಣೆ ಎನ್ನುವುದು ಅವನಿಗೆ ಅಡುಗೆಮನೆಯ ಬೆಕ್ಕಿಗೆ ಗೊತ್ತಿದ್ದಷ್ಟೇ ಗೊತ್ತಿತ್ತು.

ಅವನದೊಂದು ವ್ರತವಿತ್ತು. ಸಾಲು ಮುರಿಯಬಾರದು. ಗಿರಣಿಯ ಮಾಲೀಕನೇ ಬರಲಿ, ಪೊಲೀಸಿನವನೇ ಬರಲಿ, ಹಿಂದೆ ನಿಲ್ಲಬೇಕು. ಒಂದು ದಿನ ಅವನ ಹೆಂಡತಿ ಜ್ವರದಲ್ಲಿ ನಡುಗುತ್ತ ಔಷಧಿಗೆ ದುಡ್ಡು ತೆಗೆಯಲು ಬಂದಾಗ ಅವಳನ್ನೂ ಮೂವತ್ತು ಜನರ ಹಿಂದೆ ನಿಲ್ಲಿಸಿದ್ದ. ಆ ಕತೆಯನ್ನು ಅವನು ಬಂದವರಿಗೆಲ್ಲ ಎದೆ ಉಬ್ಬಿಸಿ ಹೇಳುತ್ತಿದ್ದ. ಅದೇ ಕತೆಯನ್ನು ಹೆಂಡತಿ ಹೇಳುವ ರೀತಿ ಬೇರೆ.

"ಊರಿಗೆ ಉಪಕಾರಿ, ಮನೆಗೆ ಮಾರಿ. ನಾನು ಗೋಡೆ ಹಿಡ್ಕೊಂಡು ಜಾರಿ ಕೂತ್ರೆ, ಈಯಪ್ಪ ಬಂದು 'ಅಮ್ಮಾ, ದಾರಿಗೆ ಅಡ್ಡ ಕೂರಬೇಡಿ' ಅಂದ್ರು. ಅಮ್ಮಾ ಅಂತೆ! ಕಟ್ಕೊಂಡ ಹೆಂಡ್ತಿಗೆ!"

ಅವನು ಕೆಲಸಕ್ಕೆ ಸೇರಿದ ಹದಿನೈದನೆಯ ವರ್ಷದಲ್ಲಿ ಆ ಬ್ಯಾಂಕು ಮುಚ್ಚಿತು. ಸಣ್ಣ ಸಹಕಾರಿ ಬ್ಯಾಂಕು, ಅಧ್ಯಕ್ಷನೇ ನೆಂಟರಿಷ್ಟರಿಗೆ ಸಾಲ ಹಂಚಿ ತಳ ತೂತು ಮಾಡಿದ್ದ. ಒಂದು ಬೆಳಿಗ್ಗೆ ಗೇಟಿನ ಮೇಲೆ ಕಾಗದ ಅಂಟಿತು. ಮೇಲಿನವರು ತನಿಖೆಗೆ ಬಂದಿದ್ದಾರೆ, ಸದ್ಯಕ್ಕೆ ಯಾರೂ ದುಡ್ಡು ತೆಗೆಯುವಂತಿಲ್ಲ. ಜನ ಮುಗಿಬಿದ್ದರು. ಒಬ್ಬ ಹೆಂಗಸು ಚಪ್ಪಲಿ ಎಸೆದಳು, ಅದು ಬಾಗಿಲಣ್ಣನ ಮೀಸೆಗೇ ಬಡಿಯಿತು. ಅವನು ಬಗ್ಗಿ, ಚಪ್ಪಲಿ ಎತ್ತಿ, ಧೂಳು ಕೊಡವಿ ಅವಳಿಗೆ ವಾಪಸ್ಸು ಕೊಟ್ಟ. "ತಾಯಿ, ನಿಮ್ಮ ದುಡ್ಡು ಎಲ್ಲೂ ಹೋಗಲ್ಲ. ಸಮಾಧಾನ ಮಾಡ್ಕೊಳಿ, ಸಾಲಲ್ಲಿ ಬನ್ನಿ" ಅಂದ. ಮ್ಯಾನೇಜರು ಹಿಂದಿನ ದಿನ ಹೇಳಿಕೊಟ್ಟ ಮಾತು ಅದು. ಹದಿನಾಲ್ಕು ತಿಂಗಳು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅದನ್ನೇ ಹೇಳಿದ. ಹದಿನಾಲ್ಕನೆಯ ತಿಂಗಳು ದೊಡ್ಡ ಬ್ಯಾಂಕೊಂದು ಇದನ್ನು ನುಂಗಿಕೊಂಡಿತು, ಠೇವಣಿಯ ವಿಮೆ ಬಂತು, ಚಪ್ಪಲಿ ಎಸೆದವಳ ದುಡ್ಡೂ ಬಂತು. ಅವಳು ಬಂದು ಕಾಲಿಗೆ ಬಿದ್ದಳು.

ವಿಮೆ ಕೊಟ್ಟವರ ಕಾಲು ಅವಳಿಗೆ ಸಿಕ್ಕಿರಲಿಲ್ಲ, ಇವನ ಕಾಲು ಸಿಕ್ಕಿತು. ಒಳಗೆ ಕಾನೂನು ಕೆಲಸ ಮಾಡಿತ್ತು, ಲೆಕ್ಕಪರಿಶೋಧಕರು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು, ಯಾವುದೋ ಕಚೇರಿಯಲ್ಲಿ ಯಾರೋ ಸಹಿ ಹಾಕಿದ್ದರು. ಅದೊಂದೂ ಬಾಗಿಲಿನಿಂದ ಕಾಣುವುದಿಲ್ಲ. ಬಾಗಿಲಣ್ಣ ಕಂಡದ್ದು ಇಷ್ಟು. ತಾನು ನಿಂತೆ, ಜನ ಕಾದರು, ದುಡ್ಡು ಬಂತು.

ದೊಡ್ಡ ಬ್ಯಾಂಕು ಅವನನ್ನು ಇನ್ನೂ ಎಂಟು ವರ್ಷ ಸಾಕಿ, ಕ್ಯಾಮೆರಾ ಹಾಕಿಸಿಕೊಂಡು, ಐವತ್ನಾಲ್ಕನೆಯ ವಯಸ್ಸಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿತು. ಬಾಗಿಲಣ್ಣ ಮನೆ ಬಾಗಿಲಲ್ಲಿ ಕೂತ. ಹೆಂಡತಿ ಔಷಧಿ ಕಂಪನಿಯಲ್ಲಿ ಡಬ್ಬಕ್ಕೆ ಚೀಟಿ ಅಂಟಿಸುವ ಕೆಲಸಕ್ಕೆ ಹೋಗುವಾಗ, "ರೀ, ಒಳಗೆ ಬರೋರ್ನ ಸಾಲಲ್ಲಿ ಬಿಡಿ. ನೊಣ, ಸೊಳ್ಳೆ ಎಲ್ಲ ನುಗ್ತಾ ಇದಾವೆ" ಎಂದು ಚುಚ್ಚಿ ಹೋಗುತ್ತಿದ್ದಳು.

ಇಂಥ ಹೊತ್ತಿನಲ್ಲಿ ಕಾಯಿನ್ ಮೇಷ್ಟ್ರು ಬಂದ.

ಮೊದಲು ಅವನು ಬರೀ ಮೇಷ್ಟ್ರು, ಹತ್ತನೆಯ ತರಗತಿಗೆ ಲೆಕ್ಕದ ಟ್ಯೂಷನ್ನು ಹೇಳುತ್ತಿದ್ದ. ಈಗ ಕನ್ನಡಕದ ಅಂಗಡಿಯ ಮೇಲಿನ ಮಹಡಿ ಹಿಡಿದು ಕ್ರಿಪ್ಟೋ ಕಾಯಿನ್ನಿನ ಆಫೀಸು ತೆರೆದಿದ್ದ. ಗಾಜಿನ ಬಾಗಿಲು, ಕೂತರೆ ಏಳಲಾಗದಷ್ಟು ಮೆತ್ತನೆಯ ಸೋಫಾ, ಮೂಲೆಯಲ್ಲಿ ಮೀನಿನ ತೊಟ್ಟಿ, ಕಂಪ್ಯೂಟರಿನ ಮುಂದೆ ಚಿಕ್ಕ ಹುಡುಗಿಯೊಬ್ಬಳು. ಗೋಡೆಯ ಟಿವಿಯಲ್ಲಿ ಹಸಿರು ಗೆರೆ ಮೇಲಕ್ಕೆ ಹೋಗುತ್ತಿತ್ತು.

"ಬಾಗಿಲಣ್ಣ, ನಮ್ಮ ಬಾಗಿಲಲ್ಲಿ ನಿಂತ್ಕೊಳ್ಳಿ. ಬ್ಯಾಂಕಲ್ಲಿ ಕೊಡ್ತಿದ್ದಿದ್ದರ ಎರಡರಷ್ಟು ಸಂಬಳ."

"ಬಂದೂಕು ಸಾರ್?"

"ಬಂದೂಕು ಬೇಡ. ಮೀಸೆ ಸಾಕು."

ಬಾಗಿಲಣ್ಣ ಒಳಗೆ ಹೋಗಿ ನೋಡಿದ. ತಿಜೋರಿ ಇಲ್ಲ, ಕೌಂಟರಿಲ್ಲ, ನೋಟು ಎಣಿಸುವ ಯಂತ್ರವಿಲ್ಲ.

"ಸಾರ್, ಒಳಗೆ ಕದಿಯೋಕೆ ಏನಿದೆ?"

"ಏನೂ ಇಲ್ಲ! ಅದೇ ನಮ್ಮ ಸೇಫ್ಟಿ. ಇಲ್ಲದೇ ಇರೋದನ್ನ ಕಳ್ಳ ಹೆಂಗ್ರೀ ಕದೀತಾನೆ?" ಎಂದು ಮೇಷ್ಟ್ರು ನಕ್ಕ. ಬಾಗಿಲಣ್ಣನೂ ನಕ್ಕ. ಅದು ಹಾಸ್ಯವಲ್ಲ, ಕಂಪನಿಯ ಪೂರ್ತಿ ವಿವರ ಎಂದು ಆಗ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಸಂಜೆ ಹೆಂಡತಿಗೆ ವಿವರಿಸಿದ. "ನೋಟಲ್ಲ, ನಾಣ್ಯ ಅಲ್ಲ, ಕಣ್ಣಿಗೆ ಕಾಣಲ್ಲ. ಆದ್ರೂ ದುಡ್ಡು ಕಣೇ."

"ಕಣ್ಣಿಗೆ ಕಾಣದ ದುಡ್ಡು ನಂಗೇನು ಹೊಸದಾ? ನಿಮ್ಮ ಪೆನ್ಷನ್ನು ನೋಡ್ತಾ ಇಲ್ವಾ!"

ಜನ ಬಂದರು. ಮೇಷ್ಟ್ರ ಮುಖ ನೋಡಿ ಯಾರೂ ಬರಲಿಲ್ಲ. ತರಕಾರಿ ಗಾಡಿಯವಳು, ಆಟೋದವರು, ನಿವೃತ್ತ ನರ್ಸು, ಎಲ್ಲರೂ ಮೆಟ್ಟಿಲ ಮೇಲೆ ನಿಂತು ಬಾಗಿಲಣ್ಣನನ್ನೇ ಕೇಳುತ್ತಿದ್ದರು, "ಇದೂ ಬ್ಯಾಂಕೇನಣ್ಣಾ?" "ಬ್ಯಾಂಕಿಗಿಂತ ಮೇಲೆ. ಬ್ಯಾಂಕು ನೆಲದ ಮೇಲಿತ್ತು, ಇದು ಮೊದಲನೇ ಮಹಡಿ" ಎನ್ನುತ್ತಿದ್ದ. ಅವರು ನಗುತ್ತ ಒಳಗೆ ಹೋಗುತ್ತಿದ್ದರು. ಕೆಳಗಿನ ಕನ್ನಡಕದವನು ಮಾತ್ರ ಹಲ್ಲುಕಡ್ಡಿ ಕಚ್ಚಿಕೊಂಡು, "ಬಾಗಿಲಣ್ಣ, ಒಳಗೆ ಹೋಗೋ ದುಡ್ಡು ನೋಡಿದೀನಿ. ಹೊರಗೆ ಬರೋದನ್ನ ಒಂದಿನ ತೋರ್ಸು, ಫ್ರೇಮ್ ಹಾಕಿಸಿ ಇಟ್ಕೋತೀನಿ" ಎನ್ನುತ್ತಿದ್ದ. ಹಾಗೆ ಹೇಳುತ್ತಲೇ ಅವನೂ ಸ್ವಲ್ಪ ಹಾಕಿದ್ದ. ಆಸೆ ಯಾರ ಅಪ್ಪನ ಮನೆ ಸ್ವತ್ತು?

ಬಾಗಿಲಣ್ಣನಿಗೆ ಒಬ್ಬಳೇ ತಂಗಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಬಿಸಿನೀರಿಗೂ ಸೋಡಾಕ್ಕೂ ಬೆರಳ ತುದಿಗಳು ಬೆಳ್ಳಗೆ ಸುಲಿದಿದ್ದವು. ಗಂಡ ಲಿಫ್ಟ್ ರಿಪೇರಿಯವನು, ಲಿಫ್ಟಿನ ಗುಂಡಿಯಲ್ಲೇ ಸತ್ತ. ಬಂದ ಪರಿಹಾರವನ್ನು ಅವಳು ಒಂದು ಕಾಸೂ ಮುಟ್ಟದೆ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಳು, ಮಗಳಿಗಾಗಿ. ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಮೂರೂವರೆ ವರ್ಷ. ಹಾಲುಹಲ್ಲು ಬಿಟ್ಟು ನಗುತ್ತಿದ್ದಳು, ಅಮ್ಮನ ಕುತ್ತಿಗೆಯ ಮೇಲೆ ಅಂಗೈ ಇಟ್ಟುಕೊಂಡು ಮಾತಿನ ನಡುಕ ಮುಟ್ಟಿ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ ಇದೆ, ಆದರೆ ಐದು ವರ್ಷದೊಳಗೆ ಆಗಬೇಕು. ಆಮೇಲೆ ಕೂರಿಸಿದರೆ ಸದ್ದು ಒಳಗೆ ಹೋದೀತು, ಅದು ಮಾತು ಎಂದು ಮಿದುಳಿಗೆ ತಿಳಿಯುವುದಿಲ್ಲ. ಠೇವಣಿಯಲ್ಲಿ ಬೇಕಾದದ್ದರ ಮುಕ್ಕಾಲು ಪಾಲಿತ್ತು. ಬಡ ಮಕ್ಕಳಿಗೆ ಪುಕ್ಕಟೆ ಆಪರೇಷನ್ ಮಾಡುವ ಧರ್ಮದ ಪಟ್ಟಿಗೆ ಅರ್ಜಿ ಹಾಕಿದರೆ, "ನಿಮ್ಮ ಹತ್ರ ಠೇವಣಿ ಇದೆಯಲ್ಲಮ್ಮ, ನೀವು ಬಡವರಲ್ಲ" ಎಂದು ವಾಪಸ್ಸು ಕಳಿಸಿದರು. ಉಳಿದ ಕಾಲು ಪಾಲನ್ನು ಅವಳು ಎರಡು ಪಾಳಿ ದುಡಿದು ಒಂದು ವರ್ಷದಲ್ಲಿ ಹೊಂದಿಸುವುದೆಂದು ಲೆಕ್ಕ ಹಾಕಿದ್ದಳು. ಕಷ್ಟದ ಲೆಕ್ಕ, ಆದರೆ ಸರಿಯಾದ ಲೆಕ್ಕ.

"ಎರಡು ಪಾಳಿ ಯಾಕೆ ಸಾಯ್ತೀಯಾ? ಆರು ತಿಂಗಳು ನಮ್ಮಲ್ಲಿ ಇಡು" ಅಂದ ಬಾಗಿಲಣ್ಣ.

"ಅಣ್ಣ, ಇದು ಗುಬ್ಬಿ ಕಿವಿ ಕಣೋ. ದುಡ್ಡಲ್ಲ."

"ಗೊತ್ತಿಲ್ವಾ ನಂಗೆ? ಅವತ್ತು ಬ್ಯಾಂಕು ಮುಚ್ದಾಗ ಇಡೀ ಊರಿಗೆ ಹೇಳ್ದೆ, ಎಲ್ಲೂ ಹೋಗಲ್ಲ ಅಂತ. ಹೋಯ್ತಾ?"

ಹೋಗಿರಲಿಲ್ಲ. ಅವಳು ಪೆಟ್ಟಿಗೆಯಿಂದ ಠೇವಣಿಯ ಕಾಗದ ತೆಗೆದಳು.

ಅಣ್ಣತಂಗಿ ಠೇವಣಿ ಮುರಿಸಲು ಅದೇ ಹಳೆಯ ಬ್ಯಾಂಕಿಗೆ ಹೋದರು. ಠೇವಣಿ ಕೌಂಟರಿನಲ್ಲಿದ್ದ ಅಮ್ಮ ಫಾರಂ ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೂತರು.

"ಎಲ್ಲಿಗೆ ಹಾಕ್ತೀರಾ?"

"ಕಾಯಿನ್ನಿಗೆ."

"ನೋಡಮ್ಮ. ನಾಳೆ ನಮ್ಮ ಬ್ಯಾಂಕು ಮುಳುಗಿದ್ರೂ ನಿನ್ನ ಠೇವಣಿಗೆ ವಿಮೆ ಇದೆ. ನಾನು ತಪ್ಪು ಮಾಡಿದ್ರೆ ನನ್ನ ಮೇಲೆ ದೂರು ಕೊಡೋಕೆ ಜಾಗ ಇದೆ, ಆ ಜಾಗದ ಮೇಲೂ ಒಂದು ಜಾಗ ಇದೆ. ಅಲ್ಲಿ ದುಡ್ಡು ಹೋದ್ರೆ ಯಾರನ್ನ ಕೇಳ್ತೀಯಾ? ಒಂದು ಹೆಸರು ಹೇಳು."

ತಂಗಿ ತಿರುಗಿ ಅಣ್ಣನ ಮುಖ ನೋಡಿದಳು. ಅವಳಿಗೆ ಗೊತ್ತಿದ್ದದ್ದು ಆ ಒಂದೇ ಹೆಸರು.

ಬಾಗಿಲಣ್ಣನಿಗೆ ಮುಖಕ್ಕೆ ಹೊಡೆದ ಹಾಗಾಯಿತು. "ಅಮ್ಮಾ, ನೀವು ಈ ಬ್ಯಾಂಕಿಗೆ ಬಂದು ನಾಕು ವರ್ಷ. ನಾನು ಈ ಬಾಗಿಲಲ್ಲಿ ಇಪ್ಪತ್ಮೂರು ವರ್ಷ ನಿಂತಿದೀನಿ."

"ನಿಂತಿದ್ದೀರಿ, ಒಪ್ತೀನಿ. ಒಳಗೆ ಯಾವತ್ತಾದ್ರೂ ಕೂತಿದ್ರಾ?"

ಕೌಂಟರಿನ ಈಚೆ ನಾಲ್ಕು ಜನ ಕಿಸಕ್ಕನೆ ನಕ್ಕರು. ಆ ನಗುವೇ ಮುಳುವಾಯಿತು. ಇಲ್ಲದಿದ್ದರೆ ಬಾಗಿಲಣ್ಣ, "ಇನ್ನೊಂದು ವಾರ ಯೋಚ್ನೆ ಮಾಡೋಣ" ಎಂದು ಬಿಡುತ್ತಿದ್ದನೋ ಏನೋ. ಈಗ ಅದು ಮಾನದ ಪ್ರಶ್ನೆ. ಫಾರಮ್ಮಿನಲ್ಲಿ ಕಾರಣ ಬರೆಯುವ ಜಾಗದಲ್ಲಿ ತಂಗಿ "ಮಗಳ ಕಿವಿ" ಎಂದು ಬರೆದಳು. ಅವಧಿಗೆ ಮುಂಚೆ ಮುರಿದದ್ದಕ್ಕೆ ದಂಡ ಹಿಡಿದು ಉಳಿದದ್ದು ಸಂಜೆಯೊಳಗೆ ಮೊದಲನೇ ಮಹಡಿಗೆ ಏರಿತು.

ಐದು ತಿಂಗಳು ಸುಖವೋ ಸುಖ. ಫೋನಿನಲ್ಲಿ ದಿನಾ ಅಂಕಿ ಬೆಳೆಯುತ್ತಿತ್ತು. ಗುಬ್ಬಿ ಅಮ್ಮನ ತೊಡೆಯ ಮೇಲೆ ಕೂತು ಹಸಿರು ಗೆರೆಯ ಮೇಲೆ ಬೆರಳಾಡಿಸುತ್ತಿದ್ದಳು, ಗೆರೆ ಏರಿದರೆ ಅಮ್ಮ ನಗುತ್ತಾಳೆ ಎಂದು ಕಂಡುಕೊಂಡಿದ್ದಳು. ಮುಕ್ಕಾಲು ಪಾಲು ಪೂರ್ತಿಯಾಯಿತು, ಪೂರ್ತಿಯ ಮೇಲೂ ಸ್ವಲ್ಪವಾಯಿತು. ತಂಗಿ ಎರಡನೆಯ ಪಾಳಿ ಬಿಟ್ಟಳು. ಡಾಕ್ಟರಮ್ಮ ಆಪರೇಷನ್ನಿಗೆ ದಿನ ಕೊಟ್ಟರು. ಆಗ ಗುಬ್ಬಿಗೆ ನಾಲ್ಕು ವರ್ಷ ತುಂಬಿ ಒಂದು ತಿಂಗಳು.

ತಂಗಿ ದುಡ್ಡು ತೆಗೆಯಲು ಗುಂಡಿ ಒತ್ತಿದಳು. 'ಪರಿಶೀಲನೆಯಲ್ಲಿದೆ' ಎಂದು ಬಂತು. ಮರುದಿನವೂ ಅದೇ, ಮೂರನೆಯ ದಿನವೂ ಅದೇ.

ಸೋಮವಾರ ಕನ್ನಡಕದವನು ಮೇಲೆ ಹೋಗಿ, ಕೂಗಾಡಿ, ಮೀನಿನ ತೊಟ್ಟಿ ಒಡೆಯುತ್ತೇನೆಂದು ಕಲ್ಲು ಎತ್ತಿ ತನ್ನ ದುಡ್ಡನ್ನು ಖಾತೆಗೆ ವಾಪಸ್ಸು ಹಾಕಿಸಿಕೊಂಡು ಬಂದ. ಇಳಿಯುವಾಗ ಬಾಗಿಲಣ್ಣನ ಕಿವಿಯಲ್ಲಿ ಹೇಳಿದ. "ಹಲ್ಲುಕಡ್ಡಿ ಉಗುಳಿ ಹೇಳ್ತಾ ಇದೀನಿ, ತಮಾಷೆ ಅಲ್ಲ. ತಂಗಿದು ಇವತ್ತೇ ತೆಗ್ಸು."

"ನಿನ್ನಂಗೆ ಕಲ್ಲು ಎತ್ತಬೇಕಾ? ಮರ್ಯಾದಸ್ಥರು ನಾವು."

"ಮರ್ಯಾದೆ ಮಡಚಿ ಜೇಬಲ್ಲಿ ಇಟ್ಕೋ ಮಾರಾಯ. ಹೊಟ್ಟೆಗೆ ಆಗುತ್ತೇನೋ ನೋಡು."

ಬುಧವಾರ ಬೆಳಿಗ್ಗೆ ಜನ ಬಂದೇ ಬಂದರು. ಮೆಟ್ಟಿಲು ತುಂಬಿ ರಸ್ತೆಗೆ ಚೆಲ್ಲಿದರು. ಮೇಷ್ಟ್ರು ಬೆವರುತ್ತ ಹೊರಗೆ ಬಂದ. "ಸರ್ವರ್ ಸ್ವಲ್ಪ ನಿಧಾನ, ಅಷ್ಟೇ. ಬಾಗಿಲಣ್ಣ, ಸ್ವಲ್ಪ ನೋಡ್ಕೊಳಿ, ನಿಮಗೆ ಹೇಳಿಕೊಡೋದು ಏನಿದೆ" ಎಂದು ಬೆನ್ನು ತಟ್ಟಿ ಒಳಗೆ ಹೋದ.

ನಿಜಕ್ಕೂ ಹೇಳಿಕೊಡುವುದು ಏನೂ ಇರಲಿಲ್ಲ. ಬಾಗಿಲಣ್ಣನ ಬೆನ್ನು ತಾನಾಗಿ ನೆಟ್ಟಗಾಯಿತು. ಎಂಟೊಂಬತ್ತು ವರ್ಷದಿಂದ ಯಾರೂ ಅವನನ್ನು ಈ ಕೆಲಸಕ್ಕೆ ಕರೆದಿರಲಿಲ್ಲ. ಅವನು ಬಾಗಿಲಿಗೆ ಅಡ್ಡ ನಿಂತ, ಎರಡೂ ಕೈ ಚಾಚಿದ, ಹಳೆಯ ದನಿ ತೆಗೆದ. "ನಿಮ್ಮ ದುಡ್ಡು ಎಲ್ಲೂ ಹೋಗಲ್ಲ! ಸಾಲಲ್ಲಿ ಬನ್ನಿ!" ಕ್ಯಾಲೆಂಡರಿನ ಹಿಂಬದಿ ಹರಿದು ಚೀಟಿ ಮಾಡಿ ನಂಬರು ಬರೆದು ಹಂಚಿದ. ಕಲ್ಲು ಹಿಡಿದು ಬಂದವರು ಕಲ್ಲು ಕೆಳಗಿಟ್ಟು ಚೀಟಿ ಹಿಡಿದರು. ಅಜ್ಜಿಯೊಬ್ಬಳಿಗೆ ಕುರ್ಚಿ ಕೊಟ್ಟ. ಹತ್ತು ನಿಮಿಷದಲ್ಲಿ ಅಷ್ಟು ದೊಡ್ಡ ಗುಂಪು ದಾರ ಹಿಡಿದು ಎಳೆದ ಹಾಗೆ ಸಾಲಾಯಿತು.

ತಂಗಿ ಲಾಂಡ್ರಿಯಿಂದ ಒದ್ದೆ ಏಪ್ರನ್ನಿನಲ್ಲೇ ಓಡಿಬಂದಳು. "ಅಣ್ಣ, ಆಪರೇಷನ್ ಶುಕ್ರವಾರ ಕಣೋ."

"ಗೊತ್ತು. ತಗೋ" ಎಂದು ಚೀಟಿ ಕೊಟ್ಟ. ನಲವತ್ತೊಂದು.

ಒಳಗೆ ಆಗುತ್ತಿದ್ದದ್ದು ಇದು. ಕಂಪನಿಯ ಇಲ್ಲಿನ ಖಾತೆಯಲ್ಲಿ ಅಷ್ಟಿಷ್ಟು ದುಡ್ಡು ಉಳಿದಿತ್ತು. ಕಂಪ್ಯೂಟರಿನ ಹುಡುಗಿ ಬಂದವರಿಗೆ ಬಂದ ಹಾಗೆ ಅವರು ಹಾಕಿದ ಅಸಲನ್ನು ವಾಪಸ್ಸು ಕಳಿಸುತ್ತಿದ್ದಳು. ಖಾತೆಯ ತಳ ಅವಳಿಗೊಬ್ಬಳಿಗೆ ಕಾಣುತ್ತಿತ್ತು. ಹನ್ನೊಂದೂವರೆಗೆ ಅವಳು ನೀರು ಕುಡಿಯುವ ನೆಪದಲ್ಲಿ ಬಾಗಿಲಿಗೆ ಬಂದಳು.

"ಅಂಕಲ್, ಇನ್ನು ಹತ್ತು ಹದಿನೈದು ಜನಕ್ಕೆ ಆಗುತ್ತೆ ಅಷ್ಟೇ. ನಿಮ್ಮ ತಂಗೀನ ಹಿಂದಿನ ಮೆಟ್ಟಿಲಿಂದ ಕಳಿಸಿ. ಈಗ್ಲೇ. ಎರಡು ನಿಮಿಷದ ಕೆಲಸ."

ಬಾಗಿಲಣ್ಣ ತಂಗಿಯನ್ನು ನೋಡಿದ. ಅವಳು ಮೆಟ್ಟಿಲ ಕೆಳಗೆ, ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಆಮೇಲೆ ಸಾಲನ್ನು ನೋಡಿದ. ಹತ್ತಿರ ನಿಂತಿದ್ದ ಆಟೋದವನಿಗೆ ಹುಡುಗಿಯ ಮಾತು ಅರ್ಧ ಕೇಳಿಸಿ, "ಏನು, ತಂಗಿಗೆ ಮಾತ್ರ ಹಿಂದಿನ ಬಾಗಿಲಾ?" ಎಂದು ಗೊಣಗಿದ.

ಬಾಗಿಲಣ್ಣ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಕಟ್ಕೊಂಡ ಹೆಂಡ್ತೀನ ಜ್ವರದಲ್ಲಿ ಸಾಲಲ್ಲಿ ನಿಲ್ಸಿದೋನು ನಾನು. ತಂಗಿ ಅಂತ ಮುಂದೆ ಬಿಡ್ತೀನಾ? ಅವಳ ನಂಬರು ನಲವತ್ತೊಂದು. ನಲವತ್ತು ಆದ್ಮೇಲೆ ಅವಳು."

ಸಾಲು ಚಪ್ಪಾಳೆ ತಟ್ಟಿತು. "ಭೇಷ್ ಬಾಗಿಲಣ್ಣ! ಮನುಷ್ಯ ಅಂದ್ರೆ ಇವನು!" ನಿವೃತ್ತ ನರ್ಸಿಗಂತೂ ಕಣ್ಣಲ್ಲಿ ನೀರು ಬಂತು. ಹುಡುಗಿ ಒಳಗೆ ಹೋದಳು.

ಇಪ್ಪತ್ತಾರನೆಯವನು ಕೂತಾಗ ಹನ್ನೆರಡು ಮುಕ್ಕಾಲು. ಅವನ ದುಡ್ಡು ವಾಪಸ್ಸು ಬರಲಿಲ್ಲ, ಖಾತೆ ಬರಿದಾಗಿತ್ತು. ಮೇಷ್ಟ್ರು ಹೊರಗೆ ಬಂದು ನಾಳೆ ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತಾರರಿಂದಲೇ ಶುರು ಎಂದ. ಬಾಗಿಲಣ್ಣ ಎಲ್ಲರ ಚೀಟಿಯ ಮೇಲೂ ಸಹಿ ಹಾಕಿ ಮನೆಗೆ ಕಳಿಸಿದ. ತಂಗಿಯ ಚೀಟಿಯ ಮೇಲೂ ಹಾಕಿದ. ಅವಳು ಹೋದಳು. ಹುಟ್ಟಿದಾಗಿನಿಂದ ಅವನ ಮಾತು ಕೇಳಿದವಳು, ಆ ದಿನವೂ ಕೇಳಿದಳು.

ಬೆಳಿಗ್ಗೆ ಗಾಜಿನ ಬಾಗಿಲಿಗೆ ಬೀಗವಿತ್ತು. ಟಿವಿಯಲ್ಲಿ ಗೆರೆ ಇರಲಿಲ್ಲ. ಮೇಷ್ಟ್ರ ಫೋನು ಇರಲಿಲ್ಲ, ಮೇಷ್ಟ್ರ ಮನೆಯಲ್ಲಿ ಮೇಷ್ಟ್ರು ಇರಲಿಲ್ಲ. ಹಿಂದಿನ ದಿನ ಚಪ್ಪಾಳೆ ತಟ್ಟಿದ ಕೈಗಳೇ ಬಾಗಿಲಣ್ಣನ ಅಂಗಿ ಹರಿದವು. ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ನಿವೃತ್ತ ನರ್ಸು. ಬ್ಯಾಂಡೇಜು ಕಟ್ಟಿ ಪಳಗಿದ ಕೈ, ಎಲ್ಲಿ ಹೊಡೆದರೆ ನೋವು ಅಂತ ಅವಳಿಗೆ ಗೊತ್ತಿತ್ತು.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಪೆನ್ನು ತೆಗೆದು, "ಯಾರ ಮೇಲೆ ಬರೀಲಿ?" ಎಂದು ಕೇಳಿದರು.

"ಕಂಪನಿ ಮೇಲೆ ಸಾರ್."

"ಕಂಪನಿ ಎಲ್ಲೋ ಸಮುದ್ರದ ನಡುವಿನ ದ್ವೀಪದಲ್ಲಿ ರಿಜಿಸ್ಟರ್ ಆಗಿದೆ ಅಂತಾರೆ. ನಾನು ದೋಣಿ ಹತ್ಲಾ? ನೀವೆಲ್ಲ ಕಣ್ಣಾರೆ ಯಾರನ್ನ ನೋಡಿ ದುಡ್ಡು ಹಾಕಿದ್ರಿ, ಅದು ಹೇಳಿ."

ಅರವತ್ತು ಬೆರಳು ಒಂದೇ ಕಡೆ ತಿರುಗಿದವು. ದೂರಿನಲ್ಲಿ ಮೇಷ್ಟ್ರದು ಮೊದಲ ಹೆಸರು, ಬಾಗಿಲಣ್ಣನದು ಎರಡನೆಯದು. ಸಂಬಳದ ಪಟ್ಟಿ ಬಿಟ್ಟು ಅವನ ನಿಜವಾದ ಹೆಸರು ಬೇರೆಲ್ಲಾದರೂ ಬರೆಸಿಕೊಂಡದ್ದು ಅದೇ ಮೊದಲು. ಎಂಟು ದಿನ ಒಳಗಿಟ್ಟು, ಇವನ ಹತ್ತಿರ ಮೀಸೆ ಬಿಟ್ಟು ಬೇರೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟರು.

ಬಿಟ್ಟ ದಿನದಿಂದ ಅವನು ಮೂರು ಕಚೇರಿ ಅಲೆದ. ಗ್ರಾಹಕರ ದೂರಿನ ಕಚೇರಿಯಲ್ಲಿ, "ರಸೀದಿ ಎಲ್ಲಿ? ಏನು ಮಾರಿದ್ರು ನಿಮಗೆ? ಕೈಗೆ ಏನು ಕೊಟ್ರು?" ಎಂದರು. ಬ್ಯಾಂಕುಗಳ ಮೇಲಿನ ದೂರು ಕೇಳುವ ಕಚೇರಿಯಲ್ಲಿ, "ಅದು ಬ್ಯಾಂಕಲ್ಲವಲ್ಲ, ನಮ್ಮ ವ್ಯಾಪ್ತಿಗೆ ಬರಲ್ಲ" ಎಂದರು. ಕೊನೆಗೆ ನಾಚಿಕೆ ಬಿಟ್ಟು ಠೇವಣಿ ಕೌಂಟರಿನ ಅಮ್ಮನ ಮುಂದೆ ನಿಂತ.

"ಅಮ್ಮಾ, ಅವತ್ತು ವಿಮೆ ಅಂದ್ರಲ್ಲ."

"ಅದು ಇಲ್ಲಿದ್ದ ದುಡ್ಡಿಗೆ ಅಣ್ಣ. ಇಲ್ಲಿಂದ ತೆಗೆದದ್ದಕ್ಕಲ್ಲ." ಅವರು ನಗಲಿಲ್ಲ, ಬೈಯಲಿಲ್ಲ. ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ. ಹಿಂದೆ ಜನ ಕಾಯುತ್ತಿದ್ದರು.

ಇಷ್ಟಾದರೂ ಅವನ ತಲೆಯಲ್ಲಿ ಹದಿನಾಲ್ಕು ತಿಂಗಳು ಎನ್ನುವ ಲೆಕ್ಕ ಕೂತುಬಿಟ್ಟಿತ್ತು. ಹೊಲಿಸಿದ ಅಂಗಿ ಹಾಕಿಕೊಂಡು ದಿನಾ ಹತ್ತು ಗಂಟೆಗೆ ಮೊದಲನೇ ಮಹಡಿಗೆ ಹೋಗಿ ಬೀಗದ ಮುಂದೆ ನಿಲ್ಲುತ್ತಿದ್ದ. ಗಾಜಿನೊಳಗೆ ತೊಟ್ಟಿಯ ನೀರು ಹಸಿರಾಗಿ, ಮೀನು ಒಂದೊಂದಾಗಿ ಮಗುಚಿಕೊಂಡವು. ಕನ್ನಡಕದವನು ಕೆಳಗಿನಿಂದ, "ಸಾಲಲ್ಲಿ ಸಾಯ್ತಾ ಇದಾವಾ ಬಾಗಿಲಣ್ಣ? ಚೀಟಿ ಕೊಟ್ಟಿದೀಯಾ?" ಎಂದು ಕೂಗುತ್ತಿದ್ದ. ಹೆಂಡತಿ ಮಾತ್ರ ಚುಚ್ಚುವುದನ್ನು ನಿಲ್ಲಿಸಿದಳು.

ತಂಗಿಯ ಮನೆಗೆ ಹೋಗಿ ಹೇಳಿದ, "ಇನ್ನು ಹನ್ನೊಂದು ತಿಂಗಳು ಕಣೇ. ಬ್ಯಾಂಕಿಗೂ ಇಷ್ಟೇ ಹಿಡೀತು."

ಅವಳು ಗುಬ್ಬಿಯ ಫ್ರಾಕಿನ ಮಡಿಕೆ ಬಿಚ್ಚಿ ಉದ್ದ ಮಾಡುತ್ತಿದ್ದಳು. "ಹನ್ನೊಂದು ತಿಂಗಳಿಗೆ ಇವಳಿಗೆ ಎಷ್ಟು ವರ್ಷ ಅಣ್ಣ?"

ಅವನು ಬೆರಳು ಮಡಚಿದ. ಐದು ದಾಟಿ ಮೂರು ತಿಂಗಳು. ಅವಳು ಹಲ್ಲಿನಿಂದ ದಾರ ಕಡಿದಳು.

ಅವಳು ಎರಡನೆಯ ಪಾಳಿಗೆ ವಾಪಸ್ಸು ಹೋದಳು, ಭಾನುವಾರ ಮೂರನೆಯದಕ್ಕೂ. ಧರ್ಮದ ಪಟ್ಟಿಗೆ ಮತ್ತೆ ಅರ್ಜಿ ಹಾಕಿದಳು. ಈಗ ಅವಳು ಖಂಡಿತ ಬಡವಳು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪಟ್ಟಿಯಲ್ಲಿ ಅವಳ ಮುಂದೆ ನೂರಾ ಹನ್ನೆರಡು ಮಕ್ಕಳಿದ್ದರು.

ಗುಬ್ಬಿಗೆ ಐದು ತುಂಬುವ ಹಿಂದಿನ ವಾರ ಡಾಕ್ಟರಮ್ಮ ಕರೆಸಿದರು. ಸಾಲ ಸೋಲ ಮಾಡಿ ದುಡ್ಡು ಆದೀತೇನೋ ಎಂದು ಅವರು ತಿಂಗಳಿಂದ ತಿಂಗಳಿಗೆ ದಿನ ಮುಂದೂಡಿ ಗುಬ್ಬಿಯ ಜಾಗ ಕಾದಿಟ್ಟಿದ್ದರು. ಇನ್ನು ಹಿಡಿದಿಡಲಾರರು. ತಂಗಿ ಅಣ್ಣನಿಗೆ, "ನೀನೂ ಬಾ" ಅಂದಳು. ಬೈಯಲು ಕರೆಯುತ್ತಿದ್ದಾಳೆ ಎಂದುಕೊಂಡ. ಬೈದರೆ ಹಗುರಾದೀತು ಎಂದು ಆಸೆಯಿಂದಲೇ ಹೋದ.

ಕೋಣೆಯಲ್ಲಿ ಡಾಕ್ಟರಮ್ಮ ಕಾಗದ ಮುಂದಿಟ್ಟರು. ಜಾಗ ಬಿಟ್ಟುಕೊಡುತ್ತೇವೆ ಎನ್ನುವ ಕಾಗದ. ಹೊರಗೆ ಬೆಂಚಿನ ಮೇಲೆ ಎರಡು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಇನ್ನೊಬ್ಬ ತಾಯಿ ಕಾಯುತ್ತಿದ್ದಳು. ಇವರ ಕಡೆ ನೋಡಲು ಅವಳಿಗೆ ಧೈರ್ಯವಿರಲಿಲ್ಲ.

"ಯಾರು ಸೈನ್ ಮಾಡ್ತೀರಾ? ತಾಯಿ ಇಲ್ಲಾಂದ್ರೆ ಮನೆ ಹಿರಿಯರು."

"ನಮ್ಮಣ್ಣ ಮಾಡ್ತಾನೆ" ಅಂದಳು ತಂಗಿ.

"ಬೇಡ ಕಣೇ, ನೀನೇ..."

"ನನ್ನ ಕೈ ಸುಲಿದಿದೆ ಅಣ್ಣ. ಪೆನ್ನು ಹಿಡಿಯೋಕೆ ಆಗಲ್ಲ."

ಅವಳ ದನಿ ಏರಲಿಲ್ಲ, ನಡುಗಲಿಲ್ಲ. ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವಷ್ಟು ಸಹಜವಾಗಿತ್ತು. ಬಾಗಿಲಣ್ಣ ಸಹಿ ಹಾಕಿದ. ಡಾಕ್ಟರಮ್ಮ ಕಿವುಡು ಮಕ್ಕಳ ಶಾಲೆಯ ವಿಳಾಸ ಬರೆದುಕೊಟ್ಟರು, ಕೈಭಾಷೆ ಬೇಗ ಕಲಿಸಿ, ಅವಳು ಜಾಣೆ ಎಂದರು. ಮನೆಯವರೆಲ್ಲ ಕಲಿಯಬೇಕು ಎಂದೂ ಹೇಳಿದರು.

ಮೂವರೂ ಉದ್ದನೆಯ ಓಣಿಗೆ ಬಂದರು. ನುಣುಪಾದ ನೆಲ ಕಂಡು ಗುಬ್ಬಿಗೆ ಖುಷಿ. ಅಮ್ಮನ ಕೈ ಬಿಡಿಸಿಕೊಂಡು, ಹೊಸದಾಗಿ ಉದ್ದ ಮಾಡಿದ ಫ್ರಾಕು ಹಾರಿಸುತ್ತ ಜಾರುತ್ತ ಓಡಿದಳು. ಓಣಿಯ ಆ ತುದಿಯ ತಿರುವಿನಿಂದ ಬಟ್ಟೆಗಂಟು ಹೇರಿದ ಲಾಂಡ್ರಿಯ ಗಾಡಿ ಬರುತ್ತಿತ್ತು. ಗಂಟುಗಳ ಹಿಂದೆ ತಳ್ಳುವವನ ತಲೆಯೂ ಕಾಣುತ್ತಿರಲಿಲ್ಲ. "ಸರೀರಿ, ಸರೀರಿ" ಎಂದು ಅವನು ಕೂಗುತ್ತಲೇ ಇದ್ದ. ಓಣಿಯಲ್ಲಿದ್ದವರೆಲ್ಲ ಗೋಡೆಗೆ ಸರಿದರು.

"ಗುಬ್ಬೀ! ಏ ಗುಬ್ಬೀ! ನಿಂತ್ಕೋ!" ಬಾಗಿಲಣ್ಣ ಇದ್ದಷ್ಟೂ ದನಿ ತೆಗೆದು ಕೂಗಿದ. ಇಡೀ ಓಣಿ ತಿರುಗಿ ನೋಡಿತು, ಅವಳೊಬ್ಬಳನ್ನು ಬಿಟ್ಟು.

ತಂಗಿ ಅವನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ನೂಕಿದಳು.

"ಕೂಗಬೇಡ. ಓಡು."

ಐವತ್ತಾರು ವರ್ಷದ ಮಂಡಿಗಳ ಮೇಲೆ ಬಾಗಿಲಣ್ಣ ಓಡಿದ.